ಹಳೆಯ ಮನೆಗೆ ಹೊಸ ಶೌಚಾಲಯ

ಕುಟುಂಬದ ಕ್ಷೇಮವನ್ನು ಕುರಿತು ಮಾತನಾಡುವಾಗ ಆಹಾರ, ಲಸಿಕೆ, ಔಷಧಿ ಇವುಗಳ ವಿಚಾರ ಮೊದಲು ಬರುತ್ತದೆ. ಮಲವಿಸರ್ಜನೆಯ ಸ್ಥಳದ ವಿಚಾರವೆತ್ತಲು ಹಲವರಿಗೆ ಸಂಕೋಚ. ಆದರೆ ಆಸ್ಪತ್ರೆಗೆ ಬರುವ ವಾಂತಿಭೇದಿ, ಆಮಶಂಕೆ, ವಿಷಮಶೀತಜ್ವರ, ಕಾಮಾಲೆ, ಜಂತುಬಾಧೆ ಮುಂತಾದ ಕಾಯಿಲೆಗಳ ಮೂಲವನ್ನು ಹುಡುಕುತ್ತ ಹೋದರೆ, ಅನೇಕ ವೇಳೆ ಒಬ್ಬರ ಮಲವು ಮತ್ತೊಬ್ಬರ ಬಾಯಿಯನ್ನು ಅಥವಾ ಚರ್ಮವನ್ನು ಸೇರಿರುವುದೇ ಕಾರಣವೆಂದು ತಿಳಿದುಬರುತ್ತದೆ. ಔಷಧಿಯು ಬಂದ ರೋಗವನ್ನು ಗುಣಪಡಿಸಬಲ್ಲದು. ರೋಗ ಬರುವ ದಾರಿಯನ್ನು ಮುಚ್ಚುವುದು ಶೌಚಾಲಯದ ಕೆಲಸ.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯು ಬಾಬಾಬುಡನ್‌ಗಿರಿ ಶ್ರೇಣಿಯ ತಪ್ಪಲಿನಲ್ಲಿದೆ. ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೋಗುವ ದಾರಿ ಇಲ್ಲಿಂದಲೇ ಸಾಗುತ್ತದೆ. ಸುತ್ತಮುತ್ತಲ ಊರುಗಳಲ್ಲಿ ಅಡಿಕೆ, ತೆಂಗಿನ ತೋಟಗಳಿವೆ. ಬೆಟ್ಟದ ಮೇಲೆ ಕಾಫಿ ತೋಟಗಳಿವೆ. ಇಂಥ ಊರುಗಳ ಹಳೆಯ ಮನೆಗಳ ಸ್ವರೂಪ ನಿಮಗೆ ತಿಳಿದದ್ದೇ: ಎತ್ತರದ ಜಗಲಿ, ದಪ್ಪನೆಯ ಮಣ್ಣಿನ ಗೋಡೆ, ಹೆಂಚಿನ ಮಾಡು, ಹಿಂಬದಿಯಲ್ಲಿ ಬಚ್ಚಲುಮನೆ, ಅದರಾಚೆ ಹಿತ್ತಲು, ಹಿತ್ತಲಿನಲ್ಲಿ ಬಾವಿ. ಹಿಂದಿನವರು ಈ ಮನೆಗಳನ್ನು ಕಟ್ಟುವಾಗ ಶೌಚಕ್ಕೆ ಸ್ಥಳವನ್ನು ಗೊತ್ತುಮಾಡಲಿಲ್ಲ. ಆಗ ಊರಿನ ಸುತ್ತ ಬಯಲೂ ಪೊದೆಯೂ ಹೇರಳವಾಗಿದ್ದವು. ಈಗ ಅಂಥ ಮನೆಗೆ ಶೌಚಾಲಯವನ್ನು ಸೇರಿಸಹೊರಟವರು ಗಾರೆ ಕೆಲಸವನ್ನು ಬಲ್ಲವರಾದರೆ, ಅಥವಾ ಬಲ್ಲವರೊಬ್ಬರ ನೆರವನ್ನು ಪಡೆದರೆ, ಹೆಚ್ಚಿನ ಕೆಲಸವನ್ನು ಸ್ವತಃ ಮಾಡಿಕೊಳ್ಳಬಹುದು. ಅಂಥವರಿಗಾಗಿ ಈ ಲೇಖನ.

ಪ್ರಾರಂಭದಲ್ಲಿಯೇ ಒಂದು ಮಾತು. ಅಂಗಡಿಯಲ್ಲಿ ಕಾಣುವ ಹೊಳೆಯುವ ಪ್ಯಾನು, ಗೋಡೆಗೆ ಹಚ್ಚುವ ಟೈಲ್ಸು ಇವು ಶೌಚಾಲಯದ ಹೊರವೇಷ ಮಾತ್ರ. ಅದರ ಸಾರ್ಥಕತೆಯು ನೆಲದೊಳಗಿನ ಗುಂಡಿಯನ್ನು ಅವಲಂಬಿಸಿದೆ. ಗುಂಡಿಯು ತಪ್ಪಾದ ಸ್ಥಳದಲ್ಲಿದ್ದರೆ, ಬಯಲಿನಲ್ಲಿ ಚದುರಿ ಹೋಗುತ್ತಿದ್ದ ಮಲವನ್ನು ನಾವೇ ತಂದು ಬಾವಿಯ ಪಕ್ಕದಲ್ಲಿ ಕೂಡಿಟ್ಟಂತಾಗುತ್ತದೆ.

ಬರಿಗಾಲಿನಿಂದ ರಕ್ತಹೀನತೆಯವರೆಗೆ

ಮಲದ ಮೂಲಕ ಹರಡುವ ರೋಗಗಳಲ್ಲಿ ಮಲೆನಾಡಿನ ಅಂಚಿನವರು ವಿಶೇಷವಾಗಿ ಅರಿತಿರಬೇಕಾದದ್ದು ಕೊಕ್ಕೆಹುಳುವಿನ ಬಾಧೆ. ಈ ಹುಳುವು ಮನುಷ್ಯನ ಸಣ್ಣಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತವನ್ನು ಹೀರುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬರುತ್ತವೆ. ತೇವವೂ ನೆರಳೂ ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಮರಿಗಳಾಗುತ್ತವೆ. ಐದರಿಂದ ಹತ್ತು ದಿನಗಳೊಳಗೆ ಆ ಮರಿಗಳು ಸೋಂಕನ್ನುಂಟುಮಾಡುವ ಶಕ್ತಿಯನ್ನು ಪಡೆಯುತ್ತವೆ. ಅನುಕೂಲವಾದ ಮಣ್ಣಿನಲ್ಲಿ ಅವು ಮೂರು ನಾಲ್ಕು ವಾರ ಬದುಕಿರಬಲ್ಲವು. ಬರಿಗಾಲಿನವರು ಅಲ್ಲಿ ನಡೆದಾಗ ಪಾದದ ಚರ್ಮವನ್ನು ಭೇದಿಸಿ ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೂ ಅಲ್ಲಿಂದ ಗಂಟಲಿನ ಮೂಲಕ ಕರುಳಿಗೂ ಸೇರುತ್ತವೆ. ಅಡಿಕೆ ಮತ್ತು ಕಾಫಿ ತೋಟಗಳ ತಂಪಾದ ನೆರಳು ಬೆಳೆಗೆ ಹಿತಕರವಾದಂತೆ ಈ ಹುಳುವಿಗೂ ಹಿತಕರ.

ಒಂದು ಕೊಕ್ಕೆಹುಳು, ತನ್ನ ಜಾತಿಗನುಸಾರವಾಗಿ, ದಿನಕ್ಕೆ ಸುಮಾರು 0.03 ರಿಂದ 0.2 ಮಿಲಿಲೀಟರಿನಷ್ಟು ರಕ್ತನಷ್ಟವನ್ನುಂಟುಮಾಡುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಕಡಿಮೆ ರಕ್ತ ಹೀರುವ ಜಾತಿಯ ನೂರು ಹುಳುಗಳಿದ್ದರೂ ತಿಂಗಳಿಗೆ ಸುಮಾರು 90 ಮಿಲಿಲೀಟರು ರಕ್ತ ನಷ್ಟವಾಗುವುದು. ತಿಂಗಳ ಮುಟ್ಟಿನಲ್ಲಿ ಮೊದಲೇ ರಕ್ತವನ್ನು ಕಳೆದುಕೊಳ್ಳುವ ಹೆಣ್ಣುಮಕ್ಕಳಿಗೆ, ಗರ್ಭದಲ್ಲಿರುವ ಶಿಶುವಿಗೂ ಕಬ್ಬಿಣಾಂಶವನ್ನೊದಗಿಸಬೇಕಾದ ತಾಯಂದಿರಿಗೆ ಇದು ದೊಡ್ಡ ನಷ್ಟ. ತೀವ್ರ ರಕ್ತಹೀನತೆಯುಳ್ಳ ಗರ್ಭಿಣಿಗೆ ಹೆರಿಗೆಯ ಕಾಲದ ಸಾಮಾನ್ಯ ರಕ್ತಸ್ರಾವವೂ ಪ್ರಾಣಾಪಾಯವನ್ನು ತರಬಹುದು. ಶಿಶುವು ಕಡಿಮೆ ತೂಕದ್ದಾಗಿ ಜನಿಸಬಹುದು. ಕಬ್ಬಿಣಾಂಶದ ಮಾತ್ರೆಗಳನ್ನು ಕೊಡಲಾಗುತ್ತದೆ; 2015 ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನೂ ನೀಡಲಾಗುತ್ತಿದೆ. ಇವು ಅವಶ್ಯಕ. ಆದರೆ ಮಾತ್ರೆ ನುಂಗಿದ ಮಗುವು ಮರುದಿನ ಅದೇ ಮಲಿನವಾದ ಮಣ್ಣನ್ನು ತುಳಿದರೆ ಹುಳುಗಳು ಪುನಃ ಬರುತ್ತವೆ.

ಶೌಚಾಲಯವಿಲ್ಲದ ಮನೆಯ ಹೆಂಗಸರ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಕತ್ತಲಾಗುವವರೆಗೆ ಮಲಮೂತ್ರಗಳನ್ನು ತಡೆದುಕೊಳ್ಳುವುದು, ಹೊರಗೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು, ಇದರಿಂದ ಮೂತ್ರದ ಸೋಂಕು, ಮಲಬದ್ಧತೆ ಇವು ಕಾಣಿಸಿಕೊಳ್ಳುತ್ತವೆ. ಮುಂಗಾರಿನ ರಾತ್ರಿ ಬಸುರಿ, ಬಾಣಂತಿ, ವೃದ್ಧರು ಜಾರುವ ಹಾದಿಯಲ್ಲಿ ಚೊಂಬು ಹಿಡಿದು ಹೋಗುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾದ್ದಿಲ್ಲ.

ಎರಡು ಗುಂಡಿಗಳ ಶೌಚಾಲಯ

ಸ್ವಲ್ಪ ನೀರನ್ನು ಸುರಿದು ಶುದ್ಧಗೊಳಿಸುವ, ಎರಡು ಗುಂಡಿಗಳುಳ್ಳ ಶೌಚಾಲಯವು ಗ್ರಾಮಾಂತರದ ಹಳೆಯ ಮನೆಗಳಿಗೆ ಹೆಚ್ಚು ಹೊಂದಿಕೆಯಾಗುತ್ತದೆ. 1970 ರಲ್ಲಿ ಬಿಹಾರದಲ್ಲಿ ಬಿಂದೇಶ್ವರ ಪಾಠಕ್ ಅವರು ಸ್ಥಾಪಿಸಿದ ಸುಲಭ ಸಂಸ್ಥೆಯು ಈ ವಿಧಾನವನ್ನು ದೇಶದಲ್ಲಿ ಪ್ರಚಾರಕ್ಕೆ ತಂದಿತು. 1987 ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಗ್ರಾಮಾಂತರದ ಇಂಗುವ ಗುಂಡಿಗಳ ಶೌಚಾಲಯಕ್ಕೆ ಪ್ರತ್ಯೇಕ ನಿಯಮಾವಳಿಯನ್ನೇ ಪ್ರಕಟಿಸಿತು.

ಇದರ ಕಾರ್ಯವಿಧಾನ ಸರಳವಾದುದು. ಪ್ಯಾನಿನಿಂದ ಹೊರಟ ಮಲವು ಕೊಳವೆಯ ಮೂಲಕ ಒಂದು ಗುಂಡಿಗೆ ಸೇರುತ್ತದೆ. ಗುಂಡಿಯ ಗೋಡೆಯಲ್ಲಿ ಸಂದುಗಳಿರುತ್ತವೆ. ತಳಕ್ಕೆ ಸಿಮೆಂಟು ಹಾಕಿರುವುದಿಲ್ಲ. ನೀರೂ ಅನಿಲವೂ ಸುತ್ತಲಿನ ಮಣ್ಣಿನಲ್ಲಿ ಲೀನವಾಗುತ್ತವೆ. ಉಳಿದ ಮಲವು ಕೊಳೆತು ಕುಗ್ಗುತ್ತದೆ. ಮೊದಲನೆಯ ಗುಂಡಿ ತುಂಬಿದಾಗ ಅದರ ದಾರಿಯನ್ನು ಮುಚ್ಚಿ ಎರಡನೆಯದರ ದಾರಿಯನ್ನು ತೆರೆಯಬೇಕು. ಎರಡನೆಯದು ತುಂಬುವ ವೇಳೆಗೆ ಮೊದಲನೆಯದರಲ್ಲಿರುವುದು ವಾಸನೆಯಿಲ್ಲದ ಗೊಬ್ಬರವಾಗಿರುತ್ತದೆ. ಅನಿಲವನ್ನು ಮಣ್ಣೇ ಹೀರಿಕೊಳ್ಳುವುದರಿಂದ ಗಾಳಿಯ ಕೊಳವೆಯ ಅಗತ್ಯವಿಲ್ಲ.

ಈ ವಿಧಾನದಲ್ಲಿ ಮತ್ತೊಂದು ಹಿರಿಮೆಯಿದೆ. ಹಸಿಮಲವನ್ನು ಯಾವ ಮನುಷ್ಯನೂ ಮುಟ್ಟಬೇಕಾಗಿಲ್ಲ. ಒಣಪಾಯಿಖಾನೆಗಳಿಂದ ಮಲವನ್ನು ತಲೆಯ ಮೇಲೆ ಹೊರಿಸುವ ಅಮಾನುಷ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970 ರ ದಶಕದಲ್ಲಿ, ಶ್ರೀ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಶ್ರೀ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಮುಂದೆ 1993 ರಲ್ಲಿಯೂ 2013 ರಲ್ಲಿಯೂ ಸಂಸತ್ತು ಈ ಬಗ್ಗೆ ಕಾಯಿದೆಗಳನ್ನು ಮಾಡಿತು. ಒಂದೇ ಗುಂಡಿಯನ್ನು ತೋಡಿ, ಅದು ತುಂಬಿದಾಗ ಯಾರನ್ನಾದರೂ ಕರೆದು ತೆಗೆಸೋಣವೆಂದು ಯೋಚಿಸುವವರು ಈ ಕಾಯಿದೆಯನ್ನು ನೆನಪಿನಲ್ಲಿಡಬೇಕು. ಎರಡನೆಯ ಗುಂಡಿಗೆ ತಗಲುವ ವೆಚ್ಚ ಒಬ್ಬ ಮನುಷ್ಯನ ಮಾನಕ್ಕೂ ಪ್ರಾಣಕ್ಕೂ ಹೋಲಿಸಿದರೆ ಏನೇನೂ ಅಲ್ಲ.

ಸ್ಥಳದ ಆಯ್ಕೆ

ಹಳೆಯ ಮನೆಗಳಲ್ಲಿ ಬಚ್ಚಲುಮನೆಯ ಪಕ್ಕದಲ್ಲಿ ಜಾಗವಿದೆಯೆಂದು ಶೌಚಾಲಯವನ್ನು ಅಲ್ಲಿ ಕಟ್ಟಿ, ಅನಂತರ ಗುಂಡಿಗೆ ಸ್ಥಳ ಹುಡುಕುವ ರೂಢಿಯಿದೆ. ಇದು ತಲೆಕೆಳಗಾದ ಕ್ರಮ. ಗುಂಡಿಗಳ ಸ್ಥಳವನ್ನು ಮೊದಲು ನಿಶ್ಚಯಿಸಬೇಕು. ಅದನ್ನನುಸರಿಸಿ ಶೌಚಾಲಯದ ಸ್ಥಳವನ್ನು ಗೊತ್ತುಮಾಡಬೇಕು.

ನಿಮ್ಮ ಬಾವಿ, ನೆರೆಮನೆಯವರ ಬಾವಿ, ಕೊಳವೆಬಾವಿ ಇವೆಲ್ಲವುಗಳಿಂದ ಗುಂಡಿಗೆ ಇರುವ ದೂರವನ್ನು ಹಗ್ಗದಿಂದ ಅಳೆಯಿರಿ. ಎರಡು ಗುಂಡಿಗಳಲ್ಲಿ ಬಾವಿಗೆ ಹತ್ತಿರವಾದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಈ ದೂರ 10 ಮೀಟರಿಗೆ, ಎಂದರೆ ಸುಮಾರು 33 ಅಡಿಗೆ ಕಡಿಮೆಯಾಗಬಾರದು. 15 ಮೀಟರು, ಎಂದರೆ ಸುಮಾರು 50 ಅಡಿ ಇರುವುದು ಅಪೇಕ್ಷಣೀಯ. ಇಳಿಜಾರಿನ ಹಿತ್ತಲಾದರೆ ಬಾವಿಯು ಮೇಲ್ಗಡೆಗೂ ಗುಂಡಿಯು ಕೆಳಗಡೆಗೂ ಇರಬೇಕು. ನೆಲದೊಳಗಿನ ನೀರೂ ಸಾಮಾನ್ಯವಾಗಿ ಇಳಿಜಾರನ್ನೇ ಅನುಸರಿಸುತ್ತದೆ.

ಒಂದು ಉದಾಹರಣೆ. ಹಿತ್ತಲಿನ ಅಗಲ 30 ಅಡಿ. ಮನೆಯ ಹಿಂಗೋಡೆಯಿಂದ 10 ಅಡಿ ದೂರದಲ್ಲಿ, ಎಡಗಡೆಯ ಬೇಲಿಯ ಬಳಿ ಬಾವಿಯಿದೆ. ಬಚ್ಚಲುಮನೆ ಬಲಗಡೆಗಿದೆ. ಬಚ್ಚಲಿನ ಪಕ್ಕದಲ್ಲಿಯೇ, ಬಾವಿಯಿಂದ ಅಡ್ಡಲಾಗಿ 25 ಅಡಿ ದೂರದಲ್ಲಿ ಗುಂಡಿ ತೋಡಿದರೆ ಅದು ಬಾವಿಗೆ ತೀರ ಸಮೀಪವಾಯಿತು. ಅದೇ ಬಲಗಡೆಯಲ್ಲಿ ಹಿಂಗೋಡೆಯಿಂದ 35 ಅಡಿ ಹಿಂದಕ್ಕೆ ಸರಿದರೆ ಬಾವಿಗೂ ಗುಂಡಿಗೂ ನಡುವೆ ಸುಮಾರು 35 ಅಡಿ ದೊರೆಯುತ್ತದೆ. 55 ಅಡಿ ಸರಿದರೆ ಸುಮಾರು 51 ಅಡಿ ದೊರೆಯುತ್ತದೆ. ಮನೆಗೆ ಅಂಟಿಕೊಂಡಂತೆ ಕಟ್ಟುವ ಅನುಕೂಲವು ಈ ಹಿತ್ತಲಿನಲ್ಲಿ ಇಲ್ಲ. ಶೌಚಾಲಯವನ್ನೇ ಹಿಂದಕ್ಕೆ ಒಯ್ದು, ಮನೆಯ ಹಿಂಬಾಗಿಲಿನಿಂದ ಅಲ್ಲಿಗೆ ಕಲ್ಲು ಹಾಸಿದ ಹಾದಿಯನ್ನೂ ಒಂದು ದೀಪವನ್ನೂ ಮಾಡುವುದು ಯೋಗ್ಯ.

ಎರಡನೆಯದು ನೀರಿನ ಮಟ್ಟ. ಗುಂಡಿಯ ತಳಕ್ಕೂ ನೆಲದೊಳಗಿನ ನೀರಿಗೂ ನಡುವೆ 2 ಮೀಟರಿನಷ್ಟು, ಎಂದರೆ ಸುಮಾರು ಆರೂವರೆ ಅಡಿ ಒಣಮಣ್ಣಿದ್ದರೆ, ಆ ಮಣ್ಣು ರೋಗಾಣುಗಳನ್ನು ಸೋಸಿ ತಡೆಯುತ್ತದೆ. ಕೆಲಸಕ್ಕೆ ಬೇಸಗೆ ಅನುಕೂಲ. ಆದರೆ ಬೇಸಗೆಯಲ್ಲಿ ಬಾವಿಯ ನೀರು ಆಳಕ್ಕಿಳಿದಿರುತ್ತದೆ. ಅದನ್ನು ನೋಡಿ ಮೋಸಹೋಗಬಾರದು. ಆಗಸ್ಟ್ ತಿಂಗಳಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಬಾವಿಯ ಕಲ್ಲಿನ ಮೇಲೆ ಪಾಚಿಯ ಗುರುತೂ ಇರುತ್ತದೆ. ಮಳೆಗಾಲದ ನೀರು ನೆಲಮಟ್ಟದಿಂದ ಸುಮಾರು 11 ಅಡಿಗಿಂತ ಕೆಳಗೇ ಉಳಿಯುವುದಾದರೆ, 4 ಅಡಿ ಆಳದ ಗುಂಡಿಗೆ ಅಡ್ಡಿಯಿಲ್ಲ. ಅದಕ್ಕಿಂತ ಮೇಲಕ್ಕೆ ಬರುವುದಾದರೆ ಗುಂಡಿಯ ಆಳವನ್ನು ಕಡಿಮೆ ಮಾಡಿ, ಅದರ ಬಾಯನ್ನು ನೆಲಮಟ್ಟದಿಂದ ಎತ್ತರಿಸಿ, ತಳವನ್ನು ಮುಚ್ಚಿ, ಸುತ್ತಲೂ ಸುಮಾರು ಒಂದೂವರೆ ಅಡಿ ದಪ್ಪದ ಮರಳಿನ ಆವರಣವನ್ನು ಕೊಡಬೇಕಾಗುತ್ತದೆ. ಇಂಥ ಕಡೆ ಪಂಚಾಯಿತಿಯ ಇಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ.

ಮೂರನೆಯದು ಮನೆಯ ತಳಪಾಯ. ಹಳೆಯ ಮನೆಗಳ ತಳಪಾಯವನ್ನು ಅನೇಕ ಕಡೆ ಕೆಸರುಗಾರೆಯಲ್ಲಿ ಕಟ್ಟಿರುತ್ತಾರೆ. ಗುಂಡಿಯಿಂದ ಇಂಗಿದ ನೀರು ತಗಲಿದರೆ ಅದು ಸಡಿಲವಾಗಿ ಗೋಡೆ ಕುಸಿಯಬಹುದು. ಆದ್ದರಿಂದ ಗುಂಡಿಯು ಗೋಡೆಯಿಂದ 6 ಅಡಿಯಾದರೂ ದೂರವಿರಲಿ. ಮಾಡಿನ ಹೆಂಚಿನಿಂದ ಧಾರೆಯಾಗಿ ಬೀಳುವ ನೀರು, ಅಂಗಳದ ನೀರು ಹರಿಯುವ ದಾರಿ ಇವುಗಳಿಂದಲೂ ಗುಂಡಿಯನ್ನು ದೂರವಿಡಿ.

ಗುಂಡಿಯ ನಿರ್ಮಾಣ

ಐದಾರು ಜನರ ಕುಟುಂಬಕ್ಕೆ ಒಂದೊಂದು ಗುಂಡಿಯೂ ಒಳಗಡೆ 1 ಮೀಟರು ವ್ಯಾಸ, 1.2 ಮೀಟರು ಆಳ ಇದ್ದರೆ ಸಾಕು. ಅಡಿಗಳಲ್ಲಿ ಹೇಳುವುದಾದರೆ ಸುಮಾರು 3 ಅಡಿ 4 ಅಂಗುಲ ಅಗಲ, 4 ಅಡಿ ಆಳ. ಇಂಥ ಗುಂಡಿಯು ಸಾಮಾನ್ಯವಾಗಿ ಮೂರು ವರ್ಷಗಳಿಗೆ ಕಡಿಮೆಯಿಲ್ಲದೆ ಬಾಳಿಕೆ ಬರುತ್ತದೆ. ಗುಂಡಿಯು ದೊಡ್ಡದಾದಷ್ಟೂ ಒಳ್ಳೆಯದೆಂದು ಹತ್ತು ಹದಿನೈದು ಅಡಿ ತೋಡುವವರಿದ್ದಾರೆ. ಆಳ ಹೆಚ್ಚಿದಷ್ಟೂ ಗುಂಡಿಯ ತಳವು ಅಂತರ್ಜಲಕ್ಕೆ ಸಮೀಪವಾಗುವುದೆಂಬುದನ್ನು ಮರೆಯಬಾರದು. ಎರಡು ಗುಂಡಿಗಳ ನಡುವೆ 1 ಮೀಟರಿಗೆ ಕಡಿಮೆಯಿಲ್ಲದಷ್ಟು ಅಂತರವಿರಬೇಕು. ಇಲ್ಲವಾದರೆ ಬಳಕೆಯಲ್ಲಿರುವ ಗುಂಡಿಯ ನೀರು ವಿಶ್ರಾಂತಿಯಲ್ಲಿರುವ ಗುಂಡಿಗೆ ಜಿನುಗಿ ಬರುತ್ತದೆ.

ಗುಂಡಿಯ ಒಳಗೋಡೆಯನ್ನು ಇಟ್ಟಿಗೆಯಿಂದ ಕಟ್ಟಿರಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಸಾಕು. ಒಂದು ವರಸೆ ಬಿಟ್ಟು ಒಂದು ವರಸೆಯಲ್ಲಿ ಇಟ್ಟಿಗೆಗಳ ನಡುವೆ ಒಂದರಿಂದ ಎರಡು ಅಂಗುಲ ಸಂದು ಬಿಡಬೇಕು. ಕೊಳವೆ ಬಂದು ಸೇರುವ ಮಟ್ಟದಿಂದ ಮೇಲಕ್ಕೆ ಸಂದು ಬಿಡದೆ ಭದ್ರವಾಗಿ ಕಟ್ಟಬೇಕು. ಮಳೆಯ ನೀರು ಮೇಲಿನಿಂದ ಒಳನುಗ್ಗದಂತೆ ಇದು ತಡೆಯುತ್ತದೆ. ತೂತುಗಳುಳ್ಳ ಸಿಮೆಂಟಿನ ರಿಂಗುಗಳು ದೊರೆಯುವ ಕಡೆ ಅವುಗಳನ್ನು ಇಳಿಸಬಹುದು. ತಳವು ಮಣ್ಣಾಗಿಯೇ ಇರಲಿ. ಬಾಯಿಗೆ ಕಾಂಕ್ರೀಟಿನ ಹಲಗೆ ಅಥವಾ ಚಪ್ಪಡಿ ಕಲ್ಲನ್ನು ಹೊದಿಸಿ, ಅಂಚನ್ನು ಗಾರೆಯಿಂದ ಮೆತ್ತಿರಿ. ಸಂದಿದ್ದರೆ ಸೊಳ್ಳೆಗಳು ಒಳಹೊಕ್ಕು ಮೊಟ್ಟೆಯಿಡುತ್ತವೆ.

ಮಣ್ಣಿನ ಗುಣವನ್ನೂ ಗಮನಿಸಬೇಕು. ಬೆಟ್ಟದ ತಪ್ಪಲಿನ ಕೆಮ್ಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುತ್ತದೆ. ಅಜ್ಜಂಪುರದ ಕಡೆ ಕಂಡುಬರುವ ಎರೆಭೂಮಿಯ ಸ್ಥಿತಿ ಬೇರೆ: ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರನ್ನು ತಡೆಯುತ್ತದೆ, ಬೇಸಗೆಯಲ್ಲಿ ಬಿರುಕುಬಿಡುತ್ತದೆ. ಅಲ್ಲಿ ಗುಂಡಿಯನ್ನು ಸುತ್ತಲೂ ಒಂದು ಅಡಿ ಹೆಚ್ಚು ಅಗೆದು, ಗೋಡೆಯ ಹಿಂಬದಿಯಲ್ಲಿ ಒಂದು ಅಡಿ ದಪ್ಪಕ್ಕೆ ದಪ್ಪಮರಳು, ಜಲ್ಲಿ, ಇಟ್ಟಿಗೆಯ ಚೂರುಗಳನ್ನು ತುಂಬಬೇಕು.

ಅಗೆಯುವಾಗ ಎಚ್ಚರಿಕೆಯಿರಲಿ. ಒಬ್ಬರೇ ಗುಂಡಿಗಿಳಿದು ಕೆಲಸ ಮಾಡಬಾರದು. ಮಣ್ಣನ್ನು ಅಂಚಿನಲ್ಲಿಯೇ ರಾಶಿ ಹಾಕಬಾರದು. ಮಳೆ ಬಂದ ದಿನ ಅಗೆತವನ್ನು ನಿಲ್ಲಿಸಬೇಕು. ತೆರೆದ ಗುಂಡಿಯನ್ನು ರಾತ್ರಿ ಹಲಗೆಯಿಂದ ಮುಚ್ಚಿ, ಮಕ್ಕಳೂ ದನಕರುಗಳೂ ಬರದಂತೆ ಬೇಲಿ ಕಟ್ಟಬೇಕು.

ಪ್ಯಾನು, ನೀರಿನ ತಡೆ, ಕೊಳವೆ

ಪೇಟೆಯ ಅಂಗಡಿಗಳಲ್ಲಿ ಹಲವು ಬಗೆಯ ಪ್ಯಾನುಗಳಿವೆ. ಹಳ್ಳಿಯ ಮನೆಗೆ ತಕ್ಕದ್ದು ತಳವು ಕಡಿದಾಗಿ ಇಳಿಯುವ, ಗ್ರಾಮೀಣ ಮಾದರಿಯ ಪ್ಯಾನು. ಇದರಲ್ಲಿ ಒಂದೂವರೆಯಿಂದ ಎರಡು ಲೀಟರು ನೀರಿನಲ್ಲಿ ಮಲವು ಸಂಪೂರ್ಣವಾಗಿ ಇಳಿದುಹೋಗುತ್ತದೆ. ಪಟ್ಟಣದ ಮಾದರಿಯ ಚಪ್ಪಟೆ ತಳದ ಪ್ಯಾನಿಗೆ ಇದರ ಹಲವು ಪಟ್ಟು ನೀರು ಬೇಕು. ನೀರು ಹೊತ್ತು ತರುವ ಮನೆಯಲ್ಲಿ ಆ ಭಾರ ಹೆಂಗಸರ ಮೇಲೆ ಬೀಳುತ್ತದೆ. ಗುಂಡಿಯೂ ಬೇಗ ತುಂಬುತ್ತದೆ.

ಪ್ಯಾನಿನ ಕೆಳಗೆ ಸದಾ ನೀರು ನಿಲ್ಲುವ ಬಾಗುಕೊಳವೆಯೊಂದನ್ನು ಜೋಡಿಸಲಾಗುತ್ತದೆ. ಅದರಲ್ಲಿ ನಿಂತ ನೀರನ್ನು ಗಾರೆಯವರು ವಾಟರ್ ಸೀಲ್ ಎಂದು ಕರೆಯುತ್ತಾರೆ. ಗ್ರಾಮೀಣ ಮಾದರಿಯಲ್ಲಿ ಈ ನೀರಿನ ತಡೆಯ ಆಳ 20 ಮಿಲಿಮೀಟರು, ಎಂದರೆ ಸುಮಾರು ಮುಕ್ಕಾಲು ಅಂಗುಲ. ಮನೆಯೊಳಕ್ಕೆ ದುರ್ಗಂಧ ಬಾರದಂತೆಯೂ ನೊಣಗಳು ಗುಂಡಿಗಿಳಿಯದಂತೆಯೂ ಕಾಯುವ ಕಾವಲುಗಾರ ಈ ಮುಕ್ಕಾಲು ಅಂಗುಲದ ನೀರು. ಬಾಗುಕೊಳವೆಯು ಓರೆಯಾಗಿ ಕುಳಿತರೆ ಈ ನೀರು ನಿಲ್ಲುವುದಿಲ್ಲ. ಆದ್ದರಿಂದ ರಸಮಟ್ಟವನ್ನಿಟ್ಟು ನೋಡಿಯೇ ಕೂರಿಸಬೇಕು. ಪ್ಯಾನಿನ ಹಿಂಬದಿಗೂ ಗೋಡೆಗೂ ನಡುವೆ ಸುಮಾರು 8 ಅಂಗುಲ ಜಾಗವಿರಲಿ. ಒಳಗೆ ಕನಿಷ್ಠ 4 ಅಡಿ ಉದ್ದ, 3 ಅಡಿ ಅಗಲದ ನೆಲವಿರಬೇಕು. ವೃದ್ಧರಿದ್ದರೆ ಇನ್ನೂ ಒಂದು ಅಡಿ ಹೆಚ್ಚಿಸುವುದು ಲೇಸು. ನೆಲವು ಪ್ಯಾನಿನ ಕಡೆಗೆ ತುಸು ಇಳಿಜಾರಾಗಿರಲಿ.

ಸುತ್ತಲೂ ಗಾರೆ ತುಂಬುವುದಕ್ಕೆ ಮೊದಲೇ ಒಂದು ಚೊಂಬು ನೀರು ಸುರಿದು ಪರೀಕ್ಷಿಸಿರಿ. ಅರ್ಧ ಗಂಟೆಯಾದರೂ ನೀರು ಅದೇ ಮಟ್ಟದಲ್ಲಿ ನಿಂತಿದ್ದರೆ, ಜೋಡಣೆಯ ಬಳಿ ಒಸರದಿದ್ದರೆ, ಕೆಲಸ ಸರಿಯಾಗಿದೆ. ನೆಲವೆಲ್ಲ ಗಟ್ಟಿಯಾದ ಮೇಲೆ ತಪ್ಪು ತಿಳಿದರೆ ಒಡೆಯುವುದೊಂದೇ ದಾರಿ.

ಶೌಚಾಲಯದಿಂದ ಗುಂಡಿಗೆ 4 ಅಂಗುಲದ ಪಿವಿಸಿ ಕೊಳವೆ ಸಾಕು. ಪ್ರತಿ 10 ಅಡಿ ಉದ್ದಕ್ಕೆ 1 ಅಡಿ ಇಳಿಜಾರು ಕೊಡಿ. 15 ಅಡಿಗೆ 1 ಅಡಿಗಿಂತ ಕಡಿಮೆಯಾಗಕೂಡದು. ಲಂಬಕೋನದ ತಿರುವುಗಳು ಬೇಡ. ಎರಡು ಗುಂಡಿಗಳಿಗೆ ದಾರಿ ಕವಲೊಡೆಯುವಲ್ಲಿ ಇಟ್ಟಿಗೆಯ ಸಣ್ಣ ತೊಟ್ಟಿಯೊಂದನ್ನು ಕಟ್ಟಿ, ಎತ್ತಿ ತೆಗೆಯಬಹುದಾದ ಮುಚ್ಚಳವನ್ನಿಡಿ. ಇದನ್ನು ಚೇಂಬರು ಎನ್ನುತ್ತಾರೆ. ಒಂದು ದಾರಿಯನ್ನು ಇಟ್ಟಿಗೆಯಿಂದ ಮುಚ್ಚಿ ಕೆಸರುಗಾರೆಯಿಂದ ಮೆತ್ತಿರಬೇಕು. ಸಿಮೆಂಟಿನಿಂದ ಮುಚ್ಚಿದರೆ ಮುಂದೆ ತೆರೆಯುವುದು ಕಷ್ಟ. ಕೊಳವೆಯ ತುದಿಯು ಗುಂಡಿಯೊಳಕ್ಕೆ 4 ಅಂಗುಲ ಚಾಚಿರಲಿ. ಆಗ ಮಲವು ಗೋಡೆಯ ಮೇಲೆ ಇಳಿಯದೆ ನಡುವಿಗೆ ಬೀಳುತ್ತದೆ.

ಹಳೆಯ ಮನೆಯಲ್ಲಿ ವಿಶೇಷ ಎಚ್ಚರಿಕೆಗಳು

ಹಳೆಯ ಮನೆಯ ಎತ್ತರದ ತಳಪಾಯವು ಒಂದು ಅನುಕೂಲ. ಒಳಗಿನ ನೆಲವು ಹಿತ್ತಲಿಗಿಂತ ಒಂದೂವರೆ ಎರಡು ಅಡಿ ಮೇಲಿದ್ದರೆ ಕೊಳವೆಗೆ ಬೇಕಾದ ಇಳಿಜಾರು ತಾನಾಗಿ ದೊರೆಯುತ್ತದೆ. ಹಿತ್ತಲೇ ಎತ್ತರವಾಗಿರುವ ಮನೆಗಳಲ್ಲಿ ಅಳತೆಯನ್ನು ಮೊದಲೇ ಹಾಕಿ ನೋಡಬೇಕು.

ಮಣ್ಣಿನ ಗೋಡೆಯು ಮಾಡಿನ ಭಾರವನ್ನು ಹೊತ್ತಿರುತ್ತದೆ. ಅದನ್ನು ಕೊರೆದು ಹೊಸ ಬಾಗಿಲಿಡುವುದಕ್ಕೆ ಬದಲು, ಇರುವ ಹಿಂಬಾಗಿಲನ್ನೋ ಕಿಟಕಿಯ ಸ್ಥಳವನ್ನೋ ಉಪಯೋಗಿಸಿಕೊಳ್ಳುವುದು ಕ್ಷೇಮ. ಕೊರೆಯಲೇಬೇಕಾದರೆ ಮೇಲೆ ಭಾರ ಹೊರುವ ತೊಲೆಯನ್ನು ಮೊದಲು ಕೂರಿಸಬೇಕು. ಈ ಕೆಲಸವನ್ನು ಅನುಭವಿಗಳಾದ ಗಾರೆಯವರಿಗೇ ಬಿಡಿರಿ. ಶೌಚಾಲಯದ ಗೋಡೆಗೆ ನೆಲದಿಂದ ಮೂರು ಅಡಿಯವರೆಗಾದರೂ ಸಿಮೆಂಟಿನ ಲೇಪನವಿರಲಿ. ಬರಿಯ ಮಣ್ಣಿನ ಗೋಡೆ ನೀರಿನಲ್ಲಿ ಕರಗುತ್ತದೆ.

ಹಿತ್ತಲಿನಲ್ಲಿ ಬಳಕೆ ತಪ್ಪಿದ ಹಳೆಯ ಬಾವಿಯಿದ್ದರೆ, ಸಿದ್ಧವಾದ ಗುಂಡಿಯೊಂದು ಇದೆಯಲ್ಲ ಎಂದು ಕೊಳವೆಯನ್ನು ಅದಕ್ಕೆ ಬಿಡುವ ಆಲೋಚನೆ ಕೆಲವರಿಗೆ ಬರುತ್ತದೆ. ಇದಕ್ಕಿಂತ ಅಪಾಯಕರವಾದುದು ಮತ್ತೊಂದಿಲ್ಲ. ಆ ಬಾವಿಯ ತಳವು ಅಂತರ್ಜಲವನ್ನೇ ಮುಟ್ಟಿರುತ್ತದೆ. ಅಲ್ಲಿ ಬಿಟ್ಟ ಮಲವು ಸುತ್ತಲಿನ ಎಲ್ಲ ಬಾವಿಗಳಿಗೂ ತಲಪಬಹುದು.

ಬಚ್ಚಲಿನ ನೀರನ್ನು ಮಲಗುಂಡಿಗೆ ಸೇರಿಸಬೇಡಿ. ಮಿಂದ ನೀರು ಗುಂಡಿಯನ್ನು ತುಂಬಿಸಿ ಮಲವು ಕೊಳೆಯದಂತೆ ಮಾಡುತ್ತದೆ. ಆ ನೀರಿಗೆ ಬೇರೆ ಇಂಗುಗುಂಡಿಯನ್ನು ಮಾಡಿ, ಅಥವಾ ಬಾಳೆ, ತೆಂಗಿನ ಬುಡಕ್ಕೆ ಹರಿಸಿರಿ.

ಉಪಯೋಗದ ಕ್ರಮ

ಉಪಯೋಗಿಸುವ ಮೊದಲು ಪ್ಯಾನನ್ನು ಸ್ವಲ್ಪ ನೀರಿನಿಂದ ತೋಯಿಸಿದರೆ ಮಲವು ಅಂಟುವುದಿಲ್ಲ. ಅನಂತರ ಎರಡು ಲೀಟರು ನೀರನ್ನು ಒಮ್ಮೆಗೆ ರಭಸದಿಂದ ಸುರಿಯಿರಿ. ಬೂದಿ, ಬಟ್ಟೆ, ಪ್ಲಾಸ್ಟಿಕ್ಕು, ಮುಟ್ಟಿನ ಪ್ಯಾಡುಗಳನ್ನು ಹಾಕಬೇಡಿ. ಒಳಗಿಟ್ಟ ನೀರಿನ ತೊಟ್ಟಿಗೆ ಮುಚ್ಚಳವಿರಲಿ, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆಯಿರಿ. ಇಲ್ಲವಾದರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಗಳಿಗೆ ಅದು ತೊಟ್ಟಿಲಾಗುತ್ತದೆ. ಹೊರಬಂದ ಕೂಡಲೇ ಕೈಗಳನ್ನು ಸಾಬೂನಿನಿಂದ ತೊಳೆಯುವ ವ್ಯವಸ್ಥೆ ಬಾಗಿಲ ಬಳಿಯಲ್ಲಿಯೇ ಇರಲಿ.

ಎಳೆಯ ಮಕ್ಕಳ ಮಲದಿಂದ ದೋಷವಿಲ್ಲವೆಂಬ ನಂಬಿಕೆ ಸರಿಯಲ್ಲ. ದೊಡ್ಡವರ ಮಲದಂತೆಯೇ ಅದೂ ರೋಗಾಣುಗಳನ್ನು ಹೊಂದಿರುತ್ತದೆ. ಅದನ್ನು ಅಂಗಳದಾಚೆ ಎಸೆಯದೆ ಶೌಚಾಲಯಕ್ಕೇ ಹಾಕಬೇಕು.

ಮೊದಲನೆಯ ಗುಂಡಿ ತುಂಬಿದ ತಿಂಗಳನ್ನೂ ವರ್ಷವನ್ನೂ ಚೇಂಬರಿನ ಮುಚ್ಚಳದ ಮೇಲೆ ಬಣ್ಣದಿಂದ ಬರೆದಿಡಿ. ಎರಡು ವರ್ಷ ಕಳೆಯದೆ ಅದನ್ನು ತೆರೆಯಬೇಡಿ. ದುಂಡುಹುಳುವಿನ ಮೊಟ್ಟೆಗಳು ಬಹುಕಾಲ ಜೀವಂತವಾಗಿರಬಲ್ಲವು. ಅನಂತರ ದೊರೆಯುವ ಗೊಬ್ಬರವನ್ನು ತೆಂಗು, ಅಡಿಕೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿರಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಬೇಡ.

ಸಂದೇಹ–ಪರಿಹಾರ

ಮನೆಯ ಮಾಡಿನಡಿಯಲ್ಲಿಯೇ ಶೌಚಾಲಯವೇ? ಹಿರಿಯರು ಒಪ್ಪುವುದಿಲ್ಲ.
ಹಿರಿಯರ ಆಕ್ಷೇಪಣೆಗೆ ಕಾರಣವಿತ್ತು. ಹಿಂದಿನ ಪಾಯಿಖಾನೆಗಳಲ್ಲಿ ಮಲವು ತೆರೆದೇ ಇರುತ್ತಿತ್ತು. ದುರ್ಗಂಧವೂ ನೊಣಗಳೂ ಅಡುಗೆಮನೆಯವರೆಗೆ ಬರುತ್ತಿದ್ದವು. ನೀರಿನ ತಡೆಯಿರುವ ಶೌಚಾಲಯದಲ್ಲಿ ಈ ದೋಷವಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಹಿತ್ತಲಿನಲ್ಲಿ ಪ್ರತ್ಯೇಕವಾಗಿ ಕಟ್ಟಬಹುದು. ಎಲ್ಲಿ ಕಟ್ಟಿದರೂ ಮನೆಯವರೆಲ್ಲರೂ ಪ್ರತಿದಿನ ಅದನ್ನೇ ಉಪಯೋಗಿಸುವುದು ಮುಖ್ಯ.

ಮೊಣಕಾಲು ನೋವಿರುವ ಅಜ್ಜಿ ಕುಕ್ಕರಗಾಲಿನಲ್ಲಿ ಕೂರಲಾರರು. ಏನು ಮಾಡುವುದು?
ನಡುವೆ ತೂತಿರುವ ಗಟ್ಟಿಯಾದ ಕುರ್ಚಿಯನ್ನು ಪ್ಯಾನಿನ ಮೇಲಿಟ್ಟು ಉಪಯೋಗಿಸಬಹುದು. ಗೋಡೆಗೆ ಹಿಡಿಕೆಯ ಕಂಬಿಯನ್ನು ಬಿಗಿದರೆ ಏಳುವುದಕ್ಕೆ ಆಸರೆಯಾಗುತ್ತದೆ. ಕುರ್ಚಿಯಂಥ ಕಮೋಡನ್ನೂ ಇದೇ ಗುಂಡಿಗಳಿಗೆ ಜೋಡಿಸಬಹುದು. ಆದರೆ ಅದಕ್ಕೆ ಹೆಚ್ಚು ನೀರು ಬೇಕು.

ಸೆಪ್ಟಿಕ್ ಟ್ಯಾಂಕು ಇನ್ನೂ ಉತ್ತಮವಲ್ಲವೆ?
ಅದಕ್ಕೆ ವೆಚ್ಚವೂ ನೀರೂ ಹೆಚ್ಚು. ಅದರಿಂದ ಹೊರಬರುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅದನ್ನು ರಸ್ತೆಯ ಚರಂಡಿಗೆ ಬಿಡದೆ ಇಂಗುಗುಂಡಿಗೆ ಸೇರಿಸಬೇಕು. ತುಂಬಿದಾಗ ಯಂತ್ರದಿಂದಲೇ ತೆಗೆಸಬೇಕು. ಯಾವ ಕಾರಣಕ್ಕೂ ಮನುಷ್ಯರನ್ನು ಅದರೊಳಕ್ಕೆ ಇಳಿಸಬಾರದು. ಅದರೊಳಗಿನ ವಿಷಾನಿಲವು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸಿ ಪ್ರಾಣ ತೆಗೆಯುತ್ತದೆ. ಮೇಲೆತ್ತಲು ಇಳಿದವರೂ ಅದೇ ಗತಿಯನ್ನು ಹೊಂದುತ್ತಾರೆ.

ಸರ್ಕಾರದ ಸಹಾಯ ದೊರೆಯುವುದೇ?
2014 ರ ಅಕ್ಟೋಬರ್ 2 ರಂದು ಆರಂಭವಾದ ಸ್ವಚ್ಛ ಭಾರತ ಮಿಷನ್ ಯೋಜನೆಯಲ್ಲಿ, ಗ್ರಾಮಾಂತರದ ಅರ್ಹ ಕುಟುಂಬಕ್ಕೆ ರೂ. 12,000 ಪ್ರೋತ್ಸಾಹಧನವನ್ನು ಗೊತ್ತುಪಡಿಸಲಾಯಿತು. ನಿಮ್ಮ ಕುಟುಂಬಕ್ಕೆ ಅನ್ವಯಿಸುವ ನಿಯಮ ಮತ್ತು ಮೊಬಲಗನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಕೆಲಸ ಪ್ರಾರಂಭಿಸುವ ಮೊದಲೇ ಅರ್ಜಿ ಸಲ್ಲಿಸಿರಿ.

ಕೊನೆಯದಾಗಿ

ಓದುಗರೇ, ಮೇಲಿನ ಸೂಚನೆಗಳಲ್ಲಿ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಗಮನ ಮತ್ತು ಅಳತೆ. ಗುದ್ದಲಿ ಹಿಡಿಯುವ ಮೊದಲು ಹಗ್ಗವನ್ನು ಹಿಡಿಯಿರಿ, ಬಾವಿಯಿಂದ ಅಳೆಯಿರಿ, ಮಳೆಗಾಲದ ನೀರಿನ ಮಟ್ಟವನ್ನು ಕೇಳಿ ತಿಳಿಯಿರಿ, ಪ್ಯಾನಿನ ನೀರಿನ ತಡೆಯನ್ನು ಪರೀಕ್ಷಿಸಿರಿ, ಎರಡನೆಯ ಗುಂಡಿಯನ್ನು ಮುಂದಕ್ಕೆ ಹಾಕಬೇಡಿ. ಮನೆಯಲ್ಲಿ ಬಸುರಿಯರೋ ಬೆಳೆಯುವ ಹೆಣ್ಣುಮಕ್ಕಳೋ ಇದ್ದರೆ, ಶೌಚಾಲಯದ ಕೆಲಸ ನಡೆಯುತ್ತಿರುವಾಗಲೇ ಅವರನ್ನು ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆತಂದು ರಕ್ತಪರೀಕ್ಷೆ ಮಾಡಿಸಿರಿ. ಕಬ್ಬಿಣಾಂಶದ ಮಾತ್ರೆ, ಜಂತುನಾಶಕ ಮಾತ್ರೆಗಳನ್ನು ಅಲ್ಲಿ ಉಚಿತವಾಗಿ ಕೊಡಲಾಗುತ್ತದೆ. ಸಂದೇಹಗಳಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕೇಳಿರಿ. ಮುಂಗಾರು ಇಳಿಯುವ ಮೊದಲೇ ಗುಂಡಿಗಳ ಕೆಲಸ ಮುಗಿಯುವಂತೆ, ಬೇಸಗೆ ಪ್ರಾರಂಭವಾಗುತ್ತಲೇ ಸಿದ್ಧತೆಯನ್ನು ಕೈಗೊಳ್ಳಿರಿ.